ತೊಟ್ಟಿಲು ಕಟ್ಟಿದ ಕೈ

ಮೈದಾಹಿಟ್ಟಿನ ಅಂಟು ಕುದಿಸುವಾಗ, ಇಳಿಸುವ ಮೊದಲು ಒಂದು ಚಿಟಿಕೆ ಮೈಲುತುತ್ತ ಹಾಕಬೇಕು. ಇಲ್ಲದಿದ್ದರೆ ಎರಡು ದಿನಕ್ಕೆ ಹುಳಿವಾಸನೆ, ಆಮೇಲೆ ಬೂಷ್ಟು, ಆಮೇಲೆ ಜಿರಲೆ. ಆದರೆ ತೊಟ್ಟಿಲಿಗೆ ಕಟ್ಟುವ ಯಾವ ವಸ್ತುವಿಗೂ ಈ ಅಂಟು ಮುಟ್ಟಿಸಕೂಡದು. ಮೈಲುತುತ್ತ ವಿಷ, ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಒಯ್ಯುತ್ತದೆ. ತೊಟ್ಟಿಲಿಗೆ ಹೊಲಿಗೆ ಮಾತ್ರ. ನನ್ನ ಕೆಲಸದ ಬಗ್ಗೆ ಹೇಳಲೇಬೇಕಾದ ಮಾತು ಇದೊಂದೇ ಆಗಿದ್ದರೆ ಇಲ್ಲಿಗೇ ಪೆನ್ನು ಕೆಳಗಿಡುತ್ತಿದ್ದೆ.

ನಮ್ಮ ಓಣಿಯ ಇಬ್ಬರು ಹುಡುಗಿಯರು ಈಗ ಮನೆಮನೆಯ ಸಮಾರಂಭಕ್ಕೆ ಸಿಂಗಾರ ಮಾಡಿಕೊಡುವ ಕೆಲಸ ಹಿಡಿದಿದ್ದಾರೆ. ಥರ್ಮಾಕೋಲು, ಬಲೂನು, ಅಂಗಡಿಯ ಸಿದ್ಧ ಹೂವು. ಕೈ ಚುರುಕಾಗಿದೆ. ಹೋದ ವಾರ ಬಂದು ಕೂತು, "ಕಾಕು, ನಿಮ್ಮ ಕಾಲದಾಗ ಏನೂ ಸಿಗತಿದ್ದಿಲ್ಲ. ಹ್ಯಾಂಗ ಮಾಡ್ತಿದ್ರಿ?" ಎಂದು ಕೇಳಿದರು.

"ಎಲ್ಲಾ ಸಿಗತಿತ್ತು. ಮಂದಿ ಒಗದದ್ದು ಸಿಗತಿತ್ತು," ಎಂದೆ.

ನಕ್ಕರು. ಬರೆದುಕೊಡಿ ಎಂದರು. ನನ್ನ ಬೆರಳು ಈಗ ಕತ್ತರಿ ಹಿಡಿಯಲು ಬಾಗುವುದಿಲ್ಲ, ಪೆನ್ನು ಹಿಡಿಯಲು ಅಷ್ಟಿಷ್ಟು ಬಾಗುತ್ತದೆ. ಅವರು ಕೇಳಿದ್ದು ಹೂವು ಮಾಡುವ ಬಗೆ. ನಾನು ಬರೆಯುತ್ತಿರುವುದು ಅದಷ್ಟೇ ಅಲ್ಲ. ಈ ಕೆಲಸಕ್ಕೆ ಇಳಿಯುವವರಿಗೆ ಇನ್ನೊಂದು ಸಂಗತಿಯೂ ಗೊತ್ತಿರಲಿ: ನಿಮ್ಮ ಕೈಯನ್ನು ಜನ ನೋಡುತ್ತಿರುತ್ತಾರೆ. ಕೈ ಏನು ಮಾಡಿತು ಎಂಬುದನ್ನಲ್ಲ, ಯಾವುದನ್ನು ಮುಟ್ಟಿ ಬಂತು ಎಂಬುದನ್ನು.

ನಾನು ಧಾರವಾಡದವಳು, ಓದಿದ್ದು ಕಾನ್ವೆಂಟಿನಲ್ಲಿ. ಕ್ರೇಪ್ ಕಾಗದದ ಗುಲಾಬಿ, ಕಸೂತಿ, ಕ್ರಿಸ್‌ಮಸ್ಸಿಗೆ ಬಿದಿರ ಸಿಬಿರಿನ ನಕ್ಷತ್ರ, ಇವನ್ನೆಲ್ಲ ಸಿಸ್ಟರ್ ಆಗ್ನೆಸ್ ಕಲಿಸಿದರು. ನಕ್ಷತ್ರ ಎಷ್ಟು ಚಂದವಿದೆ ಎಂದು ಅವರು ನೋಡುತ್ತಿರಲಿಲ್ಲ. ಬಿದಿರು ಕೂಡಿದ ಜಾಗದಲ್ಲಿ ಹೆಬ್ಬೆರಳು ಇಟ್ಟು ಒತ್ತುತ್ತಿದ್ದರು. ಗಂಟು ಸರಿದರೆ ಬಿಚ್ಚಿ ಕೈಗೆ ಕೊಡುತ್ತಿದ್ದರು. ಮದುವೆಯಾಗಿ ಗುಜರಾತಿಗೆ ಹೊರಟಾಗ ಟ್ರಂಕಿನಲ್ಲಿ ಸೀರೆ ಪಾತ್ರೆ ಇದ್ದವು. ಆ ಗಂಟು ಮಾತ್ರ ಕೈಯಲ್ಲಿ ಬಂತು.

ಇವರದು ರೈಲ್ವೆಯಲ್ಲಿ ಲೆಕ್ಕದ ವಿಭಾಗ. ಮೊದಲು ಅಹಮದಾಬಾದು. ಹಳೆಯ ಊರಿನ ಒಂದು ಪೋಳದಲ್ಲಿ, ಅಂದರೆ ಬಾಗಿಲಿರುವ ಇಕ್ಕಟ್ಟು ಓಣಿಯಲ್ಲಿ, ಮಹಡಿಯ ಮೇಲೆ ಎರಡು ಕೋಣೆ. ಸಂಕ್ರಾಂತಿಗೆ ಅಲ್ಲಿಯವರು ಊಟ ಬಿಟ್ಟು ಗಾಳಿಪಟ ಹಾರಿಸುತ್ತಾರೆ. ಹಬ್ಬ ಮುಗಿದ ಮರುದಿನ ಪಟದಂಗಡಿಗಳ ಮುಖ ನೋಡಬೇಕು, ಮದುವೆ ಮುಗಿದ ಛತ್ರದ ಹಾಗೆ. ಉಳಿದ ಕಾಗದವನ್ನು ಕಟ್ಟುಗಟ್ಟಲೆ ಬಂದ ಬೆಲೆಗೆ ಮಾರಿಬಿಡುತ್ತಾರೆ. ತೆಳ್ಳಗಿನ, ಬೆಳಕು ಹಾಯುವ ಕಾಗದ. ಅದರ ಜೊತೆಗೆ ಮಿಲ್ಲುಗಳ ಚಿಂದಿ. ಬಟ್ಟೆಯ ಅಂಚು ಕತ್ತರಿಸಿ ಎಸೆದದ್ದನ್ನು ಪೇಟೆಯಲ್ಲಿ ತೂಕಕ್ಕೆ ಹಾಕುತ್ತಿದ್ದರು. ಕೆದಕುವ ತಾಳ್ಮೆ ಇದ್ದವರಿಗೆ ಅದರಲ್ಲಿ ಮಲ್ಲು, ವಾಯಿಲ್, ಅಂಗೈ ಅಗಲದ ಸಾಟಿನ್, ಎಲ್ಲ ಇತ್ತು. ನನ್ನ ಬಂಡವಾಳ ಈ ಎರಡೇ.

ಅಲ್ಲಿಯ ಕನ್ನಡ ಮನೆಗಳಿಗೆಲ್ಲ ಹಿರಿಯರೆಂದರೆ ಕಮಲಾಬಾಯಿ, ಒಬ್ಬ ದೊಡ್ಡ ಸಾಹೇಬರ ಹೆಂಡತಿ. ಯಾರ ಮನೆಯ ಹೋಳಿಗೆಗೆ ಯಾರು ಹೂರಣ ರುಬ್ಬಬೇಕು ಎಂಬುದನ್ನೂ ಅವರೇ ಗೊತ್ತು ಮಾಡುವರು. ನಮ್ಮ ಕಿಟಕಿಯಲ್ಲಿ ತೂಗುಬಿಟ್ಟಿದ್ದ ಕಾಗದದ ನಕ್ಷತ್ರ ನೋಡಿ, ತಮ್ಮ ಮೊಮ್ಮಗನ ನಾಮಕರಣಕ್ಕೆ ನನ್ನನ್ನು ಕರೆದರು. ಪಟದ ಕಾಗದದಿಂದ ಗುಲಾಬಿ ಬಣ್ಣದ ಕಮಾನು ಕಟ್ಟಿದೆ. ಎಲ್ಲರೂ ಮೆಚ್ಚುವ ಹೊತ್ತಿಗೆ ಯಾರೋ ಗುಲಾಬದಾನಿ ತಂದು ಪನ್ನೀರು ಚಿಮುಕಿಸಿದರು. ಆ ಕಾಗದ ಹನಿ ನೀರು ತಡೆಯದು. ಬಾಣಂತಿಯ ಕೆನೆಬಣ್ಣದ ರೇಷ್ಮೆಯ ಮೇಲೆ ಗುಲಾಬಿ ಇಳಿಯಿತು, ಸೆರಗಿನಿಂದ ನಿರಿಗೆಯವರೆಗೆ.

ಕಮಲಾಬಾಯಿ ಸೀರೆ ಹಿಡಿದು ಬೆಳಕಿಗೆ ನೋಡಿದರು. "ಸುಮತಿ, ಇದರ ಬ್ಲೌಸಿಗೂ ಹಿಂಗ ಬಣ್ಣಾ ಹಾಕಿಕೊಟ್ಟಬಿಡು. ಇಲ್ಲಾಂದ್ರ ಜೋಡಿ ಆಗೂದಿಲ್ಲ," ಎಂದರು. ಅಷ್ಟೇ. ಮುಂದಿನ ಸಮಾರಂಭಕ್ಕೂ ಕರೆದರು. ಅಷ್ಟರಲ್ಲಿ ನಾನು ಕಾಗದದ ಹೂವನ್ನು ಕರಗಿದ ಮೇಣದಲ್ಲಿ ಅದ್ದಿ ತೆಗೆಯುವುದನ್ನು ಕಲಿತಿದ್ದೆ. ಮೇಣ ಹಿಡಿದ ಕಾಗದ ನೀರಿಗೆ ಜಗ್ಗುವುದಿಲ್ಲ.

ಅದೇ ದಿನದ ಇನ್ನೊಂದು ಮಾತು. ತೊಟ್ಟಿಲಿಗೆ ಹಾಕುವ ಹೊತ್ತಾಯಿತು, ಮುತ್ತೈದೆಯರು ಹಗ್ಗ ಹಿಡಿಯಲು ಮುಂದೆ ಬಂದರು. ಕಮಲಾಬಾಯಿ ನನ್ನ ಭುಜದ ಮೇಲೆ ಕೈಯಿಟ್ಟು, "ಸುಮತಿ, ನೀ ಒಳಗ ಹೋಗಿ ಪಾನಕ ನೋಡಿಕೋ, ಹುಡುಗ್ರು ಚೆಲ್ಲತಾವ," ಎಂದರು. ಪಾನಕದ ಹತ್ತಿರ ಯಾವ ಹುಡುಗರೂ ಇರಲಿಲ್ಲ. ನಮಗೆ ಮಕ್ಕಳಾಗಿರಲಿಲ್ಲ, ಮುಂದೆ ಆಗಲೂ ಇಲ್ಲ. ಅವರ ಕೈ ಮೆತ್ತಗಿತ್ತು, ದನಿಯೂ ಮೆತ್ತಗಿತ್ತು. ನಾನು ಒಳಗೆ ಹೋಗಿ ಪಾನಕ ನೋಡಿಕೊಂಡೆ. ಹೊರಗೆ ಜೋಗುಳ ಕೇಳಿಸುತ್ತಿತ್ತು.

ಹೀಗೆ, ಯಾರೂ ಬಾಯಿಬಿಟ್ಟು ಆಡದೆ ಒಂದು ಒಪ್ಪಂದವಾಯಿತು. ಸಿಂಗರಿಸುವವಳು ನಾನು, ತೂಗುವವರು ಬೇರೆ. ಕೂಲಿ ಎಂದು ಯಾರೂ ಕೊಡುತ್ತಿರಲಿಲ್ಲ, ನಾನು ತೆಗೆದುಕೊಳ್ಳುತ್ತಲೂ ಇರಲಿಲ್ಲ. ಹೊರಡುವಾಗ ಉಡಿ ತುಂಬುತ್ತಿದ್ದರು: ಅಕ್ಕಿ, ಕೊಬ್ಬರಿಬಟ್ಟಲು, ಕುಬ್ಬಸದ ಖಣ. ತುಂಬಿದ ಉಡಿ ಹಿಡಿದು ಮನೆಗೆ ಬರುವಾಗ ಸೆರಗು ಭಾರವಾಗಿರುತ್ತಿತ್ತು. ಆ ಕೆಲಸವಿಲ್ಲದಿದ್ದರೆ ಬಾಣಂತಿಯ ಕೋಣೆಗೆ ನನಗೆ ದಾರಿಯೇ ಇರಲಿಲ್ಲ. ಕರೆಯುತ್ತಿದ್ದರಲ್ಲ, ಅದು ಸಾಕಿತ್ತು. ಇದನ್ನು ತಿಳಿದುಕೊಂಡರೆ ಮುಂದಿನದು ತಿಳಿಯುತ್ತದೆ.

ಅಲ್ಲಿಂದ ಬರೋಡಾಕ್ಕೆ ವರ್ಗವಾಯಿತು. ತರಕಾರಿ ಪೇಟೆಯಲ್ಲಿ ಒಬ್ಬ ಹೆಂಗಸು ಗುಜರಾತಿಯವನೊಡನೆ ಅಪ್ಪಟ ಗದಗಿನ ಕನ್ನಡದಲ್ಲಿ ಬದನೆಕಾಯಿಗೆ ಜಗಳ ಮಾಡುತ್ತಿದ್ದಳು. ಅವನು ಅವನ ಭಾಷೆಯಲ್ಲಿ, ಇವಳು ಇವಳ ಭಾಷೆಯಲ್ಲಿ, ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು. ನನಗೆ ನಗು ಬಂತು. "ನಗಬ್ಯಾಡ್ರಿ ಬಾಯಾರ, ಬಂದು ಒಂದ್ ಮಾತು ಹೇಳ್ರಿ ಇವಗ," ಎಂದಳು. ಹಾಗೆ ಸಿಕ್ಕವಳು ನೀಲಕ್ಕ.

ಊರಂಚಿನ ಗೋರ್ವಾದ ಕಡೆ ಹೊಸದಾಗಿ ಕಾರ್ಖಾನೆಗಳು ಏಳುತ್ತಿದ್ದವು. ನೀಲಕ್ಕನ ಗಂಡ ರುದ್ರಪ್ಪ ಅಲ್ಲಿ ಫಿಟ್ಟರ್. ಇಬ್ಬರು ಮಕ್ಕಳು, ಜೊತೆಗೆ ರುದ್ರಪ್ಪನ ತಾಯಿ ಬಸವ್ವಜ್ಜಿ. ಲಿಂಗಾಯತರು. ಚಿಕ್ಕ ಮಗನ ಜಾವಳಕ್ಕೆ, ಅಂದರೆ ಮೊದಲ ಕೂದಲು ತೆಗೆಸುವ ದಿನಕ್ಕೆ, ನನ್ನಿಂದ ಮಂಟಪ ಮಾಡಿಸಿದಳು. ಆಮೇಲೆ ಅವಳ ನಾದಿನಿ ಹಡೆಯಲು ಅಲ್ಲಿಗೇ ಬಂದಾಗ ತೊಟ್ಟಿಲನ್ನೂ ನಾನೇ ಸಿಂಗರಿಸಿದೆ. ಹಗ್ಗ ಹಿಡಿಯುವ ಹೊತ್ತಿಗೆ ನಾನು ಅಭ್ಯಾಸದಂತೆ ಅಡುಗೆಮನೆಯ ಕಡೆ ತಿರುಗಿದ್ದೆ. ನೀಲಕ್ಕ ಮುಂಗೈ ಹಿಡಿದು ಎಳೆದಳು. "ಎಲ್ಲಿಗ್ರಿ? ಕಟ್ಟಿದವ್ರು ನೀವು, ಒಂದ್ ಕೈ ಹಚ್ರಿ." ಹಗ್ಗಕ್ಕೆ ನಾನೇ ಸುತ್ತಿದ ಹಸಿರು ವಾಯಿಲ್ ಪಟ್ಟಿ ಅಂಗೈಗೆ ಹತ್ತಿತು. ತೂಗಿದೆ. ಯಾರೂ ಏನೂ ಅನ್ನಲಿಲ್ಲ, ಅಥವಾ ನನಗೆ ಕೇಳಿಸಲಿಲ್ಲ.

ಬಸವ್ವಜ್ಜಿ ಹೊಸ್ತಿಲ ಹತ್ತಿರ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು. ಒಂದು ಕಣ್ಣಿಗೆ ಪೊರೆ ಬಂದಿತ್ತು, ಇನ್ನೊಂದು ಎರಡರಷ್ಟು ನೋಡುತ್ತಿತ್ತು. ನನ್ನ ಹೂವು ಕೈಗೆತ್ತಿಕೊಂಡು ಮೂಸುವಳು. "ಬಾಮಣರ ಹುಡುಗಿ, ನಿನ್ನ ಹೂವಿಗೆ ವಾಸನಿ ಇಲ್ಲಲ್ಲ."

"ಬಾಡೂದೂ ಇಲ್ಲ ಅಜ್ಜಿ."

"ಬಾಡಲಿಲ್ಲಂದ್ರ ಅದೆಂಥಾ ಹೂವ."

ಒಂದು ಮಧ್ಯಾಹ್ನ ನಾನು ಬಿದಿರು ಬಾಗಿಸಿ ಕಮಾನು ಕಟ್ಟುತ್ತಿದ್ದೆ. ಅಜ್ಜಿ ಬಹಳ ಹೊತ್ತು ನೋಡಿ, "ತಂಗಿ, ನನಗೊಂದು ಕಟ್ಟಿ ಕೊಡ್ತೀಯೇನು?" ಎಂದಳು.

"ಏನು ಕಟ್ಟಲಿ ಅಜ್ಜಿ?"

"ವಿಮಾನ."

ಅವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಸುಡುವುದಿಲ್ಲ. ಬಿದಿರು, ಬಾಳೆಕಂಬ, ಬಣ್ಣದ ಕಾಗದ, ಹೂವುಗಳಿಂದ ಮಂಟಪದಂಥ ಒಂದು ಪೀಠ ಕಟ್ಟುತ್ತಾರೆ. ಅದಕ್ಕೆ ವಿಮಾನ ಎನ್ನುತ್ತಾರೆ. ಅದರಲ್ಲಿ ಕೂಡಿಸಿಕೊಂಡು ಹೊತ್ತು ಒಯ್ದು, ಕೂಡಿಸಿಯೇ ಮಣ್ಣು ಮಾಡುತ್ತಾರೆ. ಊರಲ್ಲಾದರೆ ಅದನ್ನು ಕಟ್ಟುವ ಗಂಡಸರು ಇರುತ್ತಾರೆ. ಬರೋಡಾದಲ್ಲಿದ್ದ ಅವರ ಮಂದಿ ಬೆರಳೆಣಿಕೆಯಷ್ಟು. ಒಬ್ಬರಿಗೂ ಕಟ್ಟಲು ಬರುತ್ತಿರಲಿಲ್ಲ.

"ಇಲ್ಲಿಯವ್ರು ನೋಡೀಯೇನು, ಕಟಿಗಿ ಹೊರಿ ಕಟ್ಟಿದಂಗ ಕಟ್ಟಿ ಒಯ್ತಾರ," ಎಂದಳು ಅಜ್ಜಿ. "ನಾ ಹಂಗ ಹೋಗಾಕಿ ಅಲ್ಲ. ನಾ ಕುಂತು ಹೋಗಾಕಿ. ನಮ್ಮ ಅತ್ತಿ ಹಂಗ ಹೋದಳು, ನಮ್ಮವ್ವ ಹಂಗ ಹೋದಳು. ಮಲಗಿ ಹೋದರ ನನ್ನ ಗುರ್ತ ಹಿಡೀತಾರೇನು ಅವರು?"

ಒಳಗಿನಿಂದ ನೀಲಕ್ಕ, "ಅತ್ತಿ, ಬಂದವರ ಮುಂದ ಹಿಂಥಾ ಮಾತು ಯಾಕ? ಬಾಯಾರು ಶುಭ ಕೆಲಸ ಮಾಡವ್ರು," ಎಂದಳು.

"ಸಾಯೂದೇನು ಅಶುಭನ? ಎಲ್ಲಾರೂ ಮಾಡತಾರ."

ನಾನು ನಕ್ಕು, ಆಯಿತು ಎಂದೆ. ಅದು ತಮಾಷೆಯ ಮಾತಲ್ಲ ಎಂದು ತಿಳಿದದ್ದು ಮುಂದಿನ ಸಲ ಹೋದಾಗ. ಅಜ್ಜಿ ಹಿಡಿಗಡ್ಡಿ, ಅಂದರೆ ಕಸಬರಿಗೆಯ ಕಡ್ಡಿ, ಆರಿಸಿ ಇಟ್ಟಿದ್ದಳು. ಹೇಗೆ ಕಟ್ಟುವುದೆಂದು ಕಲಿಸಲು ಶುರು ಮಾಡಿದಳು: ಪೀಠ ಇಷ್ಟು ಅಗಲ, ಬೆನ್ನಿಗೆ ಹಲಗೆ, ನಾಲ್ಕು ಮೂಲೆಗೆ ಬಾಳೆ, ಮೇಲೆ ಗೋಪುರ, ಅದರ ಮೇಲೆ ಕಳಸ. ತಪ್ಪಿದರೆ ಗಡ್ಡಿಯಿಂದಲೇ ನನ್ನ ಬೆರಳಿಗೆ ಹೊಡೆಯುವಳು. "ಕಾನ್ವೆಂಟಿನ್ಯಾಗ ಇದನ್ನ ಕಲಿಸಲಿಲ್ಲೇನು?" ಅಂಗೈ ಮೇಲೆ ನಿಲ್ಲುವಷ್ಟು ಒಂದು ವಿಮಾನ ತಯಾರಾಯಿತು. ಚಂದವಾಗಿಯೂ ಇತ್ತು. ನೀಲಕ್ಕನ ಮಗಳು ಅದರಲ್ಲಿ ತನ್ನ ಗೊಂಬೆ ಕೂಡಿಸಿ ಅಂಗಳವೆಲ್ಲ ಮೆರವಣಿಗೆ ಮಾಡಿದಳು. ನೀಲಕ್ಕ ನೋಡಿದವಳೇ ಗೊಂಬೆಯನ್ನು ಕಿತ್ತುಕೊಂಡು, ಹುಡುಗಿಯ ಬೆನ್ನಿಗೆ ಎರಡು ಕೊಟ್ಟು, ವಿಮಾನವನ್ನು ಒಲೆಗೆ ಹಾಕಿದಳು. ಅಜ್ಜಿ ನಗುತ್ತಿದ್ದಳು. ಹುಡುಗಿ ಅಳುತ್ತಿತ್ತು.

ಅಜ್ಜಿ ಹೇಳಿದ್ದರಲ್ಲಿ ಒಂದು ಮಾತ್ರ ನನಗೆ ಅರ್ಥವಾಗಿರಲಿಲ್ಲ. "ಹಣಿಗೆ ಒಂದು ಪಟ್ಟಿ ಹೊಲಿ. ಹಲಗಿಗೆ ಸುತ್ತಿ ಕಟ್ಟೂವಂಗ." ಅಲಂಕಾರಕ್ಕೆ ಇರಬೇಕು ಎಂದುಕೊಂಡು ಸಾಟಿನ್ ಚಿಂದಿಯಲ್ಲಿ ನಾಜೂಕಾದ ಪಟ್ಟಿ ಮಾಡಿ, ಮಣಿ ಹಚ್ಚಿ ಕೊಟ್ಟಿದ್ದೆ. ಅಜ್ಜಿ ಅದನ್ನು ತಲೆದಿಂಬಿನ ಕೆಳಗಿಟ್ಟುಕೊಂಡಿದ್ದಳಂತೆ.

ಮಳೆಗಾಲದ ಒಂದು ಬೆಳಿಗ್ಗೆ ರುದ್ರಪ್ಪ ಸೈಕಲ್ಲಿನ ಮೇಲೆ ಬಂದ. ಗೇಟಿನೊಳಗೆ ಕಾಲಿಡಲಿಲ್ಲ. "ಬಾಯಾರ, ಅವ್ವ ಹೋದಳ್ರಿ," ಎಂದ. ಬಾ ಎಂದು ಕೇಳಲಿಲ್ಲ. ಸೈಕಲ್ಲಿನ ಹಿಡಿಕೆ ಹಿಡಿದು ನಿಂತ. ಆ ಮೊದಲೇ ಅವನು ಜಾಗ ಹುಡುಕಿಟ್ಟಿದ್ದ. ಅಲ್ಲಿಯ ಗೋಸಾವಿ ಪಂಥದವರೂ ತಮ್ಮವರನ್ನು ಕೂಡಿಸಿಯೇ ಮಣ್ಣು ಮಾಡುತ್ತಾರೆ; ಅವರ ಹಿರಿಯರ ಕಾಲು ಹಿಡಿದು ಒಂದು ಮೂಲೆ ಕೇಳಿಕೊಂಡಿದ್ದ. ಇಲ್ಲದ್ದು ವಿಮಾನ ಒಂದೇ.

ಇವರು ಗಡ್ಡ ಕೆರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಹೋಗು ಅಂತನೂ ಅನ್ನೂದಿಲ್ಲ, ಬ್ಯಾಡ ಅಂತನೂ ಅನ್ನೂದಿಲ್ಲ. ಆದರ ತಿಳಕೊಂಡು ಹೋಗು. ಇವತ್ತು ಅದನ್ನ ಕಟ್ಟಿದ ಕೈಗೆ ನಾಳೆ ಯಾರೂ ತೊಟ್ಟಿಲಾ ಕೊಡೂದಿಲ್ಲ."

"ಮಾತು ಕೊಟ್ಟೀನಿ."

"ಹಂಗಾರ ಕತ್ತರಿ ಮರೀಬ್ಯಾಡ," ಎಂದು ಕನ್ನಡಿಯ ಕಡೆ ತಿರುಗಿದರು.

ರುದ್ರಪ್ಪನ ಅಂಗಳದಲ್ಲಿ ಕೆಲಸ ಶುರುವಾಯಿತು. ಬಿದಿರು ಕಡಿದು ಕೊಡಲು ಕಾರ್ಖಾನೆಯ ಇಬ್ಬರು ಬಂದಿದ್ದರು. ಹೂವು ಮಾಡಲು ಪಟದ ಕಾಗದವಿತ್ತು, ಮೇಣ ಕರಗಿಸಿ ಅದ್ದಲು ಹೊತ್ತಿರಲಿಲ್ಲ. ಆಕಾಶ ಬಿಳಿಚಿಕೊಂಡು ನಿಂತಿತ್ತು, ಇನ್ನೂ ಸುರಿದಿರಲಿಲ್ಲ. ಗೋಪುರ ನಿಲ್ಲಿಸಿ ಗುಲಾಬಿ, ಹಳದಿ, ಹಸಿರು ಹಚ್ಚಿದೆ. ಪಕ್ಕದ ಮನೆಯ ಸವಿತಾಬೆನ್ ಬೇಲಿಯಾಚೆಯಿಂದ ನೋಡಿ, ಒಳಗೆ ಹೋಗಿ, ಒಳ್ಳೆಯ ಸೀರೆ ಉಟ್ಟು, ತಟ್ಟೆಯಲ್ಲಿ ಸಕ್ಕರೆ ಬೆಲ್ಲ ಹಿಡಿದು ಬಂದರು. ಅವರ ಕಡೆ ಅಷ್ಟು ಬಣ್ಣದ ಮಂಟಪವೆಂದರೆ ಮದುವೆಯೇ. "ಕೋನಾ ಲಗನ್ ಛೆ, ಬೆನ್?" ಯಾರ ಮದುವೆ ಎಂದು ಕೇಳಿದರು. ನಗುತ್ತಿದ್ದರು.

ನನ್ನ ಗುಜರಾತಿ ಪೇಟೆಯ ಗುಜರಾತಿ. ಸತ್ತರು ಎಂಬ ಮಾತನ್ನು ನಾನು ಎಂದೂ ಕಲಿತಿರಲಿಲ್ಲ. "ಬಾ ಗಯಾ," ಎಂದೆ. ಅಮ್ಮ ಹೋದರು. ಸವಿತಾಬೆನ್ ನನ್ನ ಕೈಯಲ್ಲಿದ್ದ ಗುಲಾಬಿ ಹೂವು ನೋಡಿದರು, ಒಳಗಿನಿಂದ ಬರುವ ಅಳು ಕೇಳಿಸಿಕೊಂಡರು. ತಟ್ಟೆಯನ್ನು ಸೆರಗಿನಿಂದ ಮುಚ್ಚಿ ಬೇಲಿಯ ಬುಡದಲ್ಲಿ ಇಟ್ಟರು. ಹೋಗುತ್ತಾರೆ ಎಂದುಕೊಂಡೆ. ಅದೇ ಒಳ್ಳೆಯ ಸೀರೆಯಲ್ಲಿ ನೆಲದ ಮೇಲೆ ಕೂತು, ನನ್ನ ಮುಂದಿದ್ದ ಸೂಜಿ ತೆಗೆದುಕೊಂಡು, ಚೆಂಡುಹೂವು ಪೋಣಿಸತೊಡಗಿದರು. ಮುಗಿಯುವವರೆಗೆ ಏಳಲಿಲ್ಲ.

ಅಜ್ಜಿಯನ್ನು ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊರಗೆ ತಂದು ಪೀಠದ ಮೇಲೆ ಕೂಡಿಸಿದರು. ತಲೆ ಮುಂದಕ್ಕೆ ಬಿತ್ತು. ಎತ್ತಿ ನಿಲ್ಲಿಸಿದರೆ ಪಕ್ಕಕ್ಕೆ ಬಿತ್ತು. ರುದ್ರಪ್ಪ ಎರಡೂ ಕೈಯಲ್ಲಿ ತಾಯಿಯ ತಲೆ ಹಿಡಿದು ನಿಂತ. ಹಣೆಯ ಪಟ್ಟಿ ಯಾತಕ್ಕೆಂದು ಆಗ ನನಗೆ ತಿಳಿಯಿತು. ಬದುಕಿದ್ದವರ ಕತ್ತು ತಾನೇ ನಿಲ್ಲುತ್ತದೆ, ಅದನ್ನು ಯಾರೂ ಯೋಚಿಸುವುದಿಲ್ಲ. ನೀಲಕ್ಕ ದಿಂಬಿನ ಕೆಳಗಿನಿಂದ ನನ್ನ ಸಾಟಿನ್ ಪಟ್ಟಿ ತಂದು ಕೊಟ್ಟಳು. ಕಟ್ಟಿದೆ. ಮಣಿಯ ಹೊಲಿಗೆ ಬಿಚ್ಚಿಕೊಂಡು ಜಾರಿತು. ಆಮೇಲೆ ಚಿಂದಿಯ ಗಂಟಿನಿಂದ ದಪ್ಪ ಮಾದರಪಾಟಿನ ಪಟ್ಟಿ ಹರಿದು, ಹಲಗೆಯ ಹಿಂದೆ ಸಿಸ್ಟರ್ ಆಗ್ನೆಸ್ ಕಲಿಸಿದ ಗಂಟು ಹಾಕಿದೆ. ನಿಂತಿತು. ಅದರ ಮೇಲೆ ಸಾಟಿನ್ ಮುಚ್ಚಿದೆ. ಅಜ್ಜಿ ಎದುರಿಗೆ ನೋಡುತ್ತ ಕೂತಳು.

ಹೆಂಗಸರು ಓಣಿಯ ತಿರುವಿನವರೆಗೆ ಹೋದೆವು. ವಿಮಾನ ತಿರುವು ದಾಟುವಾಗಲೇ ಮಳೆ ಹಿಡಿಯಿತು. ಗೋಪುರದ ಗುಲಾಬಿ ಕರಗಿ ಬಿದಿರಿನ ಮೇಲೆ ಹರಿಯಿತು, ಅಲ್ಲಿಂದ ಹೊತ್ತವರ ಅಂಗಿಯ ಮೇಲೆ, ಅಜ್ಜಿಯ ವಿಭೂತಿಯ ಮೇಲೆ. ರುದ್ರಪ್ಪ ಹೆಗಲು ಬದಲಿಸಿ ಹಿಂದಕ್ಕೆ ನೋಡಿದ. ಅವನ ಬಿಳಿಯ ಅಂಗಿ ಒಂದು ಭುಜ ಗುಲಾಬಿ, ಒಂದು ಭುಜ ಹಸಿರು. ನನ್ನ ಪಕ್ಕದಲ್ಲಿದ್ದ ನೀಲಕ್ಕ, "ಕುಂತು ಹೋದಳಲ್ರಿ, ಸಾಕು," ಎಂದಳು. ನನ್ನ ಕೈ ಹಿಡಿಯಲು ಬಂದವಳು, ಸೂತಕ ನೆನಪಾಯಿತೋ ಏನೋ, ಹಿಂದಕ್ಕೆ ತೆಗೆದುಕೊಂಡಳು.

ಸಾವಿನ ಮನೆಯಿಂದ ಹೊರಡುವಾಗ ಬರುತ್ತೇನೆ ಎನ್ನಬಾರದು. ಅಲ್ಲಿ ಕುಂಕುಮವೂ ಇಲ್ಲ, ಉಡಿಯೂ ಇಲ್ಲ. ಖಾಲಿ ಸೆರಗಿನಲ್ಲಿ ಕತ್ತರಿ ಸುತ್ತಿಕೊಂಡು ಮನೆಗೆ ಬಂದೆ. ಇವರು ಹಿತ್ತಲಲ್ಲಿ ನೀರು ಕಾಸಿ ಇಟ್ಟಿದ್ದರು. ತಲೆಯ ಮೇಲೆ ಸುರಿದರು. ಕಾಲ ಬಳಿ ಇಳಿದ ನೀರಿನಲ್ಲೂ ಗುಲಾಬಿ ಬಣ್ಣವಿತ್ತು.

ಇವರು ಹೇಳಿದಂತೆಯೇ ಆಯಿತು. ಅಷ್ಟು ಬೇಗ ಆಗುತ್ತದೆಂದು ನಾನು ತಿಳಿದಿರಲಿಲ್ಲ. ನಮ್ಮ ಸಾಲಿನಲ್ಲೇ ಒಂದು ಸೀಮಂತಕ್ಕೆ ಒಪ್ಪಿಕೊಂಡಿದ್ದೆ. ಆ ಮನೆಯವರು ಬಂದು, "ನಿಮಗ್ಯಾಕ ತೊಂದರಿ, ಅಂಗಡಿಯಿಂದ ತರಸ್ತೀವಿ," ಎಂದರು. ಇನ್ನೊಬ್ಬರು ನನ್ನನ್ನು ಕರೆದದ್ದನ್ನೇ ಮರೆತರು. ಯಾರೂ ಕೆಟ್ಟ ಮಾತು ಆಡಲಿಲ್ಲ. ಎಲ್ಲರೂ ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ ಮಾತನಾಡಿಸಿದರು. ಅದರಿಂದಲೇ ನನಗೆ ಗೊತ್ತಾಗುತ್ತಿತ್ತು. ಹುಡುಗಿಯರೇ, ಜನ ಬಯ್ಯುವಷ್ಟು ದಿನ ನಿಮ್ಮ ಕೆಲಸ ಇರುತ್ತದೆ. ಬಣ್ಣ ಇಳಿಯಿತೆಂದು ಕಮಲಾಬಾಯಿ ಛೇಡಿಸಿದ್ದು ಮತ್ತೆ ಕರೆಯುವುದಕ್ಕಾಗಿ.

ನಂತರ ಸೂರತ್ತಿಗೆ ವರ್ಗವಾಯಿತು. ಅಲ್ಲಿ ಮನೆಮನೆಯಲ್ಲಿ ಜರಿ ಸುತ್ತುತ್ತಾರೆ. ಕಡಿದ ಜರಿಯ ಗುಂಜು ಬೀದಿಯ ಕಸದಲ್ಲೂ ಹೊಳೆಯುತ್ತದೆ. ಬೇಡ ಬೇಡವೆಂದರೂ ಕೈ ಅದನ್ನು ಆರಿಸಿ ತರುತ್ತಿತ್ತು. ಡಬ್ಬಿ ತುಂಬಿತು, ಕೆಲಸವಿರಲಿಲ್ಲ.

ಆಗ ನೀಲಕ್ಕನಿಂದ ಸುದ್ದಿ ಬಂತು. ಬರೋಡಾದಿಂದ ಬಂದ ಇವರ ಕಚೇರಿಯವರೊಬ್ಬರ ಕೈಯಲ್ಲಿ ಹೇಳಿ ಕಳಿಸಿದ್ದಳು: ಹೆಣ್ಣು ಕೂಸು ಹಡೆದಿದ್ದೇನೆ, ಅಜ್ಜಿಯ ಹೆಸರೇ ಇಡುತ್ತೇವೆ, ಬಾಯಾರು ಬರಲೇಬೇಕು. ಬರಲೇಬೇಕು ಎಂಬ ಮಾತನ್ನು ನಾನು ಮತ್ತೆ ಮತ್ತೆ ಕೇಳಿ ಹೇಳಿಸಿಕೊಂಡೆ. ಇವರು, "ಊಟಕ್ಕ ಬಾ ಅಂದಾರೋ, ಕೆಲಸಕ್ಕ ಬಾ ಅಂದಾರೋ?" ಎಂದರು. "ನೀಲಕ್ಕ ಕರದಾಳ," ಎಂದೆ.

ತೊಟ್ಟಿಲಿಗೆ ಕಟ್ಟಲು ಗಿಣಿಗಳನ್ನು ಹೊಲಿದೆ. ಹಸಿರು ಚಿಂದಿ, ಒಳಗೆ ಹತ್ತಿ, ಕೆಂಪು ಕೊಕ್ಕು, ಕೊರಳಿಗೆ ಜರಿಯ ಕಂಠಿ. ಒಂದರ ಕೆಳಗೊಂದು ಪೋಣಿಸಿ ನಾಲ್ಕು ಮೂಲೆಗೆ ನಾಲ್ಕು ಸರ. ಅಂಟು ಒಂದು ಹನಿಯೂ ಇಲ್ಲ, ಪೂರಾ ಹೊಲಿಗೆ. ಮುಖವೆಲ್ಲ ಒಳಗೆ ಬರುವ ಹಾಗೆ ಕಟ್ಟಬೇಕು. ಮನೆಗೆ ಬಂದವರು ನೋಡಲಿ ಎಂದಲ್ಲ, ಮಲಗಿದ ಕೂಸು ನೋಡಲಿ ಎಂದು. ಬೆಳಗಿನ ಗಾಡಿ ಹಿಡಿದು ಹೋದೆ. ನರ್ಮದೆಯ ಸೇತುವೆಯ ಮೇಲೆ ಕೂಡ ಗಂಟನ್ನು ಮಡಿಲಿನಿಂದ ಇಳಿಸಲಿಲ್ಲ.

ತೊಟ್ಟಿಲು ಆಗಲೇ ಸಿಂಗಾರವಾಗಿತ್ತು. ಅಂಗಡಿಯ ಮಿಂಚುಹಾರ, ಬಲೂನು. ಒಂದು ಬದಿ ಜೋತುಬಿದ್ದಿತ್ತು. ಹಡೆದವಳ ಆರೈಕೆಗೆಂದು ಊರಿಂದ ಬಂದಿದ್ದ ನೀಲಕ್ಕನ ತಾಯಿ ಬಾಗಿಲಲ್ಲೇ ನನ್ನ ಕೈಯ ಗಂಟು ನೋಡಿದರು. "ಬರ್ರಿ, ಕುಂದರ್ರಿ. ದೂರದಿಂದ ಬಂದೀರಿ. ನೀವು ಕೆಲಸಾ ಏನೂ ಮಾಡಬ್ಯಾಡ್ರಿ, ಎಲ್ಲಾ ಆಗೇತಿ," ಎಂದರು. ಒಳ್ಳೆಯ ಹೆಂಗಸು. ನನಗೆ ಮಣೆ ಹಾಕಿಸಿದರು, ತಮ್ಮ ಕೈಯಾರೆ ನೀರು ಕೊಟ್ಟರು. ಮಣೆ ಹಾಕಿದ್ದು ತೊಟ್ಟಿಲಿನಿಂದ ದೂರ, ಅತ್ತ ಕಡೆಯ ಗೋಡೆಗೆ.

ನೀಲಕ್ಕ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ನನ್ನನ್ನು ನೋಡಿ ಮುಖ ಅರಳಿತು. ಆಮೇಲೆ ಕಣ್ಣು ಗಂಟಿನ ಮೇಲೆ, ಇಣುಕುತ್ತಿದ್ದ ಕೆಂಪು ಕೊಕ್ಕಿನ ಮೇಲೆ ಬಿತ್ತು.

"ಗಿಣಿ ಏನ್ರಿ?" ಎಂದಳು ಮೆಲ್ಲಗೆ.

"ಹೌದು."

ತಾಯಿಯ ಕಡೆ ನೋಡಿದಳು. ಅವರು ಅರಿಷಿಣ ಕುಂಕುಮದ ತಟ್ಟೆ ಸರಿಮಾಡುತ್ತಿದ್ದರು. "ಇಟ್ಟಿರ್ರಿ ಬಾಯಾರ," ಎಂದಳು ನೀಲಕ್ಕ. "ಕೂಸು ದೊಡ್ಡದಾಗಲಿ. ಆಡಾಕ ಬರತಾವ." ಕೂಸಿನ ಮುಖ ನನಗೆ ಕಾಣುವ ಹಾಗೆ ಸ್ವಲ್ಪ ತಿರುಗಿಸಿದಳು. ಕೈಗೆ ಕೊಡಲಿಲ್ಲ. ನಾನೂ ಕೈ ಚಾಚಲಿಲ್ಲ.

ಜೋಗುಳ ಹಾಡುವಾಗ ನಾನೇ ಎದ್ದು ಅಡುಗೆಮನೆಗೆ ಹೋದೆ. ಯಾರೂ ಕಳಿಸಬೇಕಾಗಲಿಲ್ಲ. ಬಸವ್ವ ಎಂಬ ಹೆಸರು ಅಲ್ಲಿಂದಲೇ ಕೇಳಿಸಿತು. ಹೊರಡುವಾಗ ಉಡಿ ತುಂಬಿದರು, ಹಿಂದೆ ಯಾರೂ ತುಂಬದಷ್ಟು. ನೀಲಕ್ಕ ಬಾಗಿಲವರೆಗೆ ಬಂದಳು. "ತಪ್ಪು ತಿಳಕೊಬ್ಯಾಡ್ರಿ. ನಿಮ್ಮಿಂದ ನಮ್ಮತ್ತಿ..." ಎಂದು ಶುರು ಮಾಡಿದಳು. ಕೂಸು ಅತ್ತಿತು, ಒಳಗೆ ಹೋದಳು. ಗಂಟು ನನ್ನ ಕೈಯಲ್ಲೇ ಉಳಿದಿತ್ತು.

ಆ ವರ್ಷ ಕಳೆದ ಮೇಲೆ ಸೂರತ್ತಿನ ಮನೆಗೆ ಒಬ್ಬ ಹೆಂಗಸು ಹುಡುಕಿಕೊಂಡು ಬಂದಳು. ರಬಕವಿ ಕಡೆಯವರು, ಅಪ್ಪ ಮಗಳು ಇಬ್ಬರೇ. ತಂದೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದವರು, ಬೆಳಿಗ್ಗೆ ತೀರಿಕೊಂಡಿದ್ದರು. "ಬರೋಡಾದಾಗ ವಿಮಾನ ಕಟ್ಟಿದ ಬಾಯಾರು ನೀವ ಏನ್ರಿ?" ಎಂದಳು. ಆ ಹೆಸರನ್ನು ಬರೋಡಾದಲ್ಲೇ ಬಿಟ್ಟು ಬಂದೆ ಎಂದುಕೊಂಡಿದ್ದೆ. ಆಮೇಲಿನ ವರ್ಷಗಳಲ್ಲೂ ನನ್ನನ್ನು ಹುಡುಕಿಕೊಂಡು ಬಂದವರೆಲ್ಲ ಇಂಥದಕ್ಕೇ ಬಂದರು.

ಹೋದೆ. ಈ ಸಲ ಪಟದ ಕಾಗದ ಮುಟ್ಟಲಿಲ್ಲ, ಬರೀ ಬಟ್ಟೆ. ಹಣೆಯ ಪಟ್ಟಿಗೆ ಮೊದಲೇ ಮಾದರಪಾಟು ತೆಗೆದಿಟ್ಟಿದ್ದೆ. ಪೀಠ, ಹಲಗೆ, ಗೋಪುರ ಎಲ್ಲ ಆಯಿತು. ಪೇಟೆ ಯಾವುದಕ್ಕೋ ಮುಚ್ಚಿತ್ತು, ಹೂವು ಸಿಗಲಿಲ್ಲ. ನಾಲ್ಕು ಮೂಲೆ ಬೋಳಾಗಿ ಕಾಣುತ್ತಿದ್ದವು. ಚೀಲದ ತಳದಲ್ಲಿ ಗಿಣಿಯ ಸರಗಳಿದ್ದವು. ಅವನ್ನು ಹೊರತೆಗೆದು ಸಿಕ್ಕು ಬಿಡಿಸಿದೆ. ಆಮೇಲೆ ಒಂದು ಮೂಲೆಗೆ ಒಂದರಂತೆ ಇಳಿಬಿಟ್ಟೆ. ಬೀದಿಯ ಮಂದಿಗೆ ಕಾಣಲೆಂದು ಮುಖಗಳನ್ನು ಹೊರಗೆ ತಿರುಗಿಸಿ ಕಟ್ಟುತ್ತಿದ್ದೆ.

ಮಗಳು ನೋಡುತ್ತ ನಿಂತಿದ್ದಳು. ಹತ್ತಿರ ಬಂದು ಒಂದು ಗಿಣಿಯ ಕೊಕ್ಕು ಮುಟ್ಟಿದಳು.

"ಬಾಯಾರ, ಒಳಗ ಮುಖಾ ಮಾಡ್ರಿ," ಎಂದಳು. "ಅಪ್ಪ ನೋಡಲಿ."

ಗಂಟು ಬಿಚ್ಚಿ, ತೊಟ್ಟಿಲಿಗೆ ಕಟ್ಟುವ ಹಾಗೆಯೇ ಕಟ್ಟಿದೆ.